ಫೈಲಿಗೆ ಎಷ್ಟನೇ ತಿಂಗಳು?

ಮಂದಿ ರೊಕ್ಕಾ ಕೊಟ್ಟು ನಾಟಕ ನೋಡತಾರ. ನನಗ ಪಗಾರ ಕೊಟ್ಟು, ಕುರ್ಚಿ ಹಾಕಿ ಕುಂಡ್ರಿಸಿ ತೋರಿಸ್ಯಾರ. ಪುರಸಭೆ ಕಚೇರ್ಯಾಗ ಹೊಸಾ ಮನಿ ಕಟ್ಟಾವ್ರ ಕಡೆಯಿಂದ ಅಭಿವೃದ್ಧಿ ಶುಲ್ಕ ಕಟ್ಟಿಸಿಕೊಳ್ಳೋ ಟೇಬಲ್ ನಂದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಕೆಲಸಾ ಮಾಡೀನಿ. ಈಗ ಹೇಳೋದು ಯಾವ ಊರಾಗ ನಡೀತು ಅಂತ ಮಾತ್ರ ಕೇಳಬ್ಯಾಡ್ರಿ. ಮೂರೂ ಊರಾಗ ಮಂದಿ ಇನ್ನೂ ನನ್ನ ಕರದು ಚಾ ಕುಡಸ್ತಾರ, ಆ ಸುಖ ಕಳಕೊಳ್ಳಾಕ ನಾ ತಯಾರಿಲ್ಲ.

ಶುಲ್ಕದ ಹಕೀಕತ್ತು ಇಷ್ಟ. ಮನಿಗೆ ನಾಕು ಮಂದಿ ಹೆಚ್ಚಿಗಿ ಬಂದ್ರ ನಾಕು ರೊಟ್ಟಿ ಹೆಚ್ಚಿಗಿ ಬಡೀಬೇಕು. ಊರು ಬೆಳದ್ರ ರಸ್ತಾ, ಗಟಾರ, ನಳ, ದೀಪದ ಕಂಬ ಹೆಚ್ಚಿಗಿ ಬೇಕು. ಆ ಹಿಟ್ಟಿನ್ಯಾಗ ಒಂದು ಪಾಲು ಹೊಸದಾಗಿ ಬಂದವ್ರು ತರಬೇಕು. ಕೇಳಾಕ ಸಸಾರ ಐತಿ. ಟೇಬಲ್ಲಿನ ಆ ಕಡೆ ನಿಂತವ್ರಿಗೆ ತಿಳಿಸಿ ಹೇಳೂದ್ರಾಗ ನನ್ನ ಅರ್ಧಾ ಕೂದಲಾ ಹೋಗ್ಯಾವ.

ಚಾಚಿಗೆ ಕೊಟ್ಟ ಮಾತು

ಬಳಿ ಮಾರೋ ಚಾಚಿ ಒಬ್ಬಾಕಿ ಹೊಸಾ ಲೇಔಟಿನ ಕಡೀ ಓಣ್ಯಾಗ ಎರಡು ಖೋಲಿ ಮನಿ ಕಟ್ಟಿಸಿದ್ಲು. ಆ ಓಣ್ಯಾಗ ಎಲ್ಲಾರಕಿಂತ ಮೊದಲ ಬಂದು, ಒಂದು ಮಾತಿಲ್ದ ಶುಲ್ಕ ಕಟ್ಟಿದ್ಲು. ಪಾವತಿ ಚೀಟಿ ಮಡಚಿ ಇಟ್ಕೊಂಡು ಕೇಳಿದ್ಲು: "ನಳ ಯಾವಾಗ ಬರತೈತ್ರಿ ಸಾಹೇಬ್ರ? ನಮ್ಮ ಸೊಸಿಗೆ ಮೂರನೇ ತಿಂಗಳು. ಎರಡು ಓಣಿ ದಾಟಿ ಬೋರಿಂದ ಕೊಡಾ ಹೊತ್ತು ತರತಾಳ. ನನಗ ಮಣಕಾಲ ನೋವು. ಬ್ಯಾಡ ಮಗಳ ಅಂದ್ರ ಕೇಳೂದಿಲ್ಲ. ಆಕಿ ಹಡಿಯೋದ್ರೊಳಗ ಬಾಗಲದಾಗ ನೀರು ಬಂದ್ರ ಸಾಕು."

ಮುಂಜಾನೆ ಹೊತ್ತು. ಹೊಟ್ಟಿ ತುಂಬ ಉಪ್ಪಿಟ್ಟು ತಿಂದು ಬಂದಿದ್ನಿ. ಅಂಥಾ ಹೊತ್ತಿನ್ಯಾಗ ಮನಶ್ಯಾ ಭಾಳ ಉದಾರ ಇರತಾನ.

"ಚಾಚಿ, ನಿಮ್ಮ ಸೊಸಿ ಹಡಿಯೋದ್ರೊಳಗ ನಳ ಬರತೈತಿ. ಇದು ನನ್ನ ಮಾತು" ಅಂದ್ನಿ.

ಓಣ್ಯಾಗಿನ ಎಲ್ಲಾ ಮನಿಯವ್ರು ಶುಲ್ಕ ಕಟ್ಟಿದ ಮ್ಯಾಲೆ ಪೈಪ ಹಾಕೋದು ನಮ್ಮ ಕಚೇರಿ ಪದ್ಧತಿ. ಅದು ನನಗ ನೆನಪಾಗಿದ್ದು ಚಾಚಿ ಮೆಟ್ಟಲಾ ಇಳದು ಹ್ವಾದ ಮ್ಯಾಲೆ. ಆ ಓಣ್ಯಾಗ ಇದ್ದದ್ದ ಮೂರು ಮನಿ, ಇನ್ನೂ ಇಬ್ಬರು ಕಟ್ಟಿರಲಿಲ್ಲ. ಆ ಇಬ್ಬರನ್ನ ನೋಡಿದ್ರ ಉಪ್ಪಿಟ್ಟು ತಿಂದಿದ್ದ ತಪ್ಪಾತು ಅನ್ನಿಸ್ತು.

ಏನೂ ಬ್ಯಾಡಾದ ಸಾವ್ಕಾರ್ರು

ಒಬ್ಬರು ಬೆಲ್ಲದ ಬಾಗೇವಾಡಿ ಕಡೆಯ ಬೆಲ್ಲದ ವ್ಯಾಪಾರಿ. ಹೆಂಡತಿನ್ನ ಕರಕೊಂಡು ಬಂದು ಕುಂತ್ರು. "ನಾ ತಗೊಳ್ಳಲಾರದ ಮಾಲಿಗೆ ರೊಕ್ಕಾ ಕೊಟ್ಟಾಂವ ಅಲ್ಲ" ಅಂತ ಚೌಕಾಶಿ ಸುರು ಮಾಡಿದ್ರು.

"ಗಟಾರ ಬೇಕಲ್ರಿ ಸಾವ್ಕಾರ್ರ?"

"ಬ್ಯಾಡ. ಬಚ್ಚಲ ನೀರು ಬಾಳಿ ಗಿಡಕ್ಕ ಹೋಗತೈತಿ."

"ನಳ?"

"ಬೋರ್ ಹೊಡಿಸೀನಿ."

"ದೀಪದ ಕಂಬ?"

"ಬಾಜೂ ಮನಿ ಬೆಳಕು ನಮ್ಮ ಅಂಗಳದಾಗ ಬೀಳತೈತಿ. ಅದಕ್ಕೇನು ಅವರು ಬಿಲ್ ಕಳಸೂದಿಲ್ಲ."

"ರಸ್ತಾ ಆದ್ರೂ ಬೇಕಲ್ರಿ?"

"ಹೊಲದ ಒಡ್ಡಿನ ಮ್ಯಾಲೆ ನಡದು ದೊಡ್ಡಾವಾದಾಂವ ನಾನು."

ನನಗೂ ಸಿಟ್ಟು ಬಂತು. ಒಂದು ಬಿಳಿ ಹಾಳಿ ಮುಂದ ಸರಿಸಿದ್ನಿ. "ರಸ್ತಾ ಬ್ಯಾಡ ಅಂತ ಬರದು ಸಹಿ ಮಾಡ್ರಿ. ನಿಮ್ಮ ಮನಿ ಮುಂದಿಂದು ಅಷ್ಟ ಬಿಟ್ಟು ಉಳಿದದ್ದು ಮಾಡಸ್ತೇವಿ." ಹಂಗ ಬಿಡಾಕ ಬರೂದಿಲ್ಲ ಅನ್ನೋದು ನನಗ ಗೊತ್ತಿತ್ತು, ಅವ್ರಿಗೆ ಗೊತ್ತಿರಲಿಲ್ಲ. ಸಾವ್ಕಾರ್ರು ಖುಷಿಲೆ ಪೆನ್ನ ತಗದ್ರು.

ಬಾಜೂ ಕುಂತಿದ್ದ ಹೆಂಡತಿ ಸೆರಗು ಸರಿ ಮಾಡಿಕೊಂಡು ಅಂದ್ಲು: "ಬರೀರಿ, ಬರೀರಿ. ಮುಂದಿನ ತಿಂಗಳಾ ಬೀಗರು ಕಾರ ತಗೊಂಡು ಬರತಾರ. ರಾಡ್ಯಾಗ ಸಿಕ್ಕೊಂಡ್ರ ನೀವ ಧೋತರಾ ಕಟ್ಟಿ ದಬ್ಬೀರಂತ. ಬೀಗಿತಿ ನೋಡಿ ನಗಲಿ."

ಸಾವ್ಕಾರ್ರು ಪೆನ್ನಿನ ಟೊಪ್ಪಿಗಿ ಹಾಕಿದ್ರು. ಪೂರ್ತಿ ಶುಲ್ಕ ಅವತ್ತ ಕಟ್ಟಿದ್ರು. ಕಾಯದೆ ಪುಸ್ತಕಾ ತೋರಿಸಿ ಇಪ್ಪತ್ತು ವರ್ಷ ಹೊಡದಾಡೀನಿ ನಾನು. ಬೀಗಿತಿ ಹೆಸರು ಹೇಳಬೇಕು ಅಂತ ಯಾವ ತರಬೇತ್ಯಾಗೂ ಹೇಳಿಕೊಟ್ಟಿರಲಿಲ್ಲ.

ಅಜ್ಜನ ಆಯೇರಿ

ಇನ್ನೊಬ್ಬರು ಮಮದಾಪುರದ ಅಜ್ಜ. ಆ ಶುಲ್ಕ ಏನಂತ ಅವರಷ್ಟು ಚಂದ ತಿಳಕೊಂಡವ್ರನ್ನ ನಾ ನೋಡಿಲ್ಲ. "ಆತು ಬಿಡೋ ತಮ್ಮಾ, ಊರಿಗೆ ಹೊಸದಾಗಿ ಬಂದೇವಿ. ಊರಿಗೊಂದು ಆಯೇರಿ ಮಾಡಬೇಕು" ಅಂದ್ರು. ಲಗ್ನದಾಗ ಮುಯ್ಯಿ ಮಾಡತೇವಲ್ಲ, ಅದ ಆಯೇರಿ. ನನಗ ಅವರನ್ನ ಅಪ್ಪಿಕೋಬೇಕು ಅನ್ನಿಸ್ತು.

ನೋಟು ಎಣಿಸಿ ಇಟ್ರು. ಆಮ್ಯಾಲೆ ಕಿಸೆದಾಗಿಂದ ಒಂದು ರೂಪಾಯಿ ತಗದು ಮ್ಯಾಲಿಟ್ರು.

"ಅಜ್ಜಾರ, ಇದು ಹೆಚ್ಚಿಗಿ ಆತ್ರಿ."

"ಸೊನ್ನಿ ಮ್ಯಾಲೆ ಯಾರರೆ ಆಯೇರಿ ಮಾಡ್ತಾರೇನು? ಅಪಶಕುನ. ನಾಳೆ ನಳದಾಗ ನೀರು ಬರಲಿಲ್ಲಂದ್ರ ಜವಾಬ್ದಾರಿ ಯಾರು, ನೀನೇನು?"

ಜವಾಬ್ದಾರಿ ನಾನ ಇದ್ನಿ, ಅದ ತ್ರಾಸು. ಕಂಪ್ಯೂಟರ್ ಆ ರೂಪಾಯಿ ತಗೊಳ್ಳವಲ್ದು, ಅಜ್ಜ ವಾಪಸ್ ತಗೊಳ್ಳವಲ್ರು. ಚಾಚಿ ಸೊಸಿ ತಲಿ ಮ್ಯಾಲಿನ ಕೊಡಾ ನೆನಪಾತು. ರೂಪಾಯಿನ್ನ ಟೇಬಲ್ಲಿನ ಗಾಜಿನ ಕೆಳಗ ಇಟ್ಟು ಪಾವತಿ ಕೊಟ್ನಿ.

ಒಂದು ಗಂಟೆ ಆತು. ಅಜ್ಜ ಬೆಂಚಿನ ಮ್ಯಾಲಿಂದ ಏಳಲಿಲ್ಲ.

"ಅಜ್ಜಾರ, ನಿಮ್ಮ ಕೆಲಸಾ ಮುಗೀತಲ್ರಿ?"

"ಆಯೇರಿ ಮುಗೀತು" ಅಂದ್ರು ಅಜ್ಜ. "ಊಟಕ್ಕ ಯಾವಾಗ ಎಬ್ಬಸ್ತೀರಿ?"

ಏನ ಮಾಡ್ಲಿ? ನನ್ನ ಡಬ್ಬಿ ಬಿಚ್ಚಿ ಎರಡು ರೊಟ್ಟಿ, ಬದನಿಕಾಯಿ ಪಲ್ಲೆ ಹಚ್ಚಿಕೊಟ್ನಿ. ಉಂಡು, ಕೈ ತೊಳಕೊಂಡು ಅಂದ್ರು: "ಊಟ ಚಲೋ ಇತ್ತು. ಸಿಹಿ ಒಂದು ಇರಲಿಲ್ಲ."

ಹಸರ ಬಳಿ

ಮುಂದ ಪೈಪ ಹಾಕೋ ಫೈಲಿನ ಪ್ರಯಾಣ. ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ನಾಕು ಹೆಜ್ಜಿ. ಆ ನಾಕು ಹೆಜ್ಜಿಗೆ ಒಂದೊಂದು ತಿಂಗಳು. ಚಾಚಿ ಸೋಮವಾರಕ್ಕೊಮ್ಮೆ ಬಳಿ ಪೆಟಗಿ ಹೊತ್ತು ಬಂದು ಬಾಗಲದಾಗ ನಿಲ್ಲಾಕಿ. ಜಗಳಿಲ್ಲ, ಬೈಗಳಿಲ್ಲ. ಒಂದ ಮಾತು:

"ಸಾಹೇಬ್ರ, ಸೊಸಿಗೆ ಐದನೇ ತಿಂಗಳು. ಫೈಲಿಗೆ ಎಷ್ಟನೇ ತಿಂಗಳು?"

ಕಚೇರ್ಯಾಗ ಎಲ್ಲಾರೂ ಅದನ್ನ ಹಿಡಕೊಂಡ್ರು. "ಏನ್ರಿ, ಫೈಲಿಗೆ ಹುಳಿ ತಿನ್ನೂ ಬಯಕಿ ಸುರು ಆಗೈತೇನು?" ಅಂತ ಕ್ಯಾಷಿಯರು. "ಹಗರಕ ಎತ್ತೋ, ಬಸರಿ ಅದಾಳ" ಅಂತ ಸಿಪಾಯಿಗೆ ಚಾಷ್ಟಿ. ನನಗೂ ನಗು ಬರತಿತ್ತು. ಆದ್ರ ಆ ಸೊಸಿ ಇನ್ನೂ ನೀರು ಹೊರಾಕತ್ತಿದ್ಲು.

ಏಳನೇ ತಿಂಗಳದಾಗ ಚಾಚಿ ಪೆಟಗಿ ಬಿಚ್ಚಿ ಒಂದು ಡಜನ್ ಹಸರ ಬಳಿ ತಗದ್ಲು. "ಸೊಸಿಗೆ ಕುಬಸಾ ಮಾಡಿ ಹಸರ ಬಳಿ ಇಡಿಸಿದ್ವಿ. ನಿಮ್ಮದೂ ಬಸರಿನ, ಅದನ್ಯಾಕ ಬಿಡೋದು?" ಅಂತ ಫೈಲಿನ ದಾರದಾಗ ಒಂದೊಂದ ಪೋಣಿಸಿ ಕಟ್ಟಿದ್ಲು. ಬಿಚ್ಚಾಕ ನನಗ ಕೈ ಬರಲಿಲ್ಲ. ಹಂಗ ಇಂಜಿನಿಯರ್ ಸಾಹೇಬ್ರ ಖೋಲಿಗೆ ಒಯ್ದಿಟ್ನಿ. ಬಳಿ ಕಿಣಿಕಿಣಿ ಅಂದುವು. ಅವರು ಒಂದು ಸಲ ಫೈಲ್ ನೋಡಿದ್ರು, ಒಂದು ಸಲ ನನ್ನ ನೋಡಿದ್ರು.

"ಹಸರ ಬಳಿ ಇಟ್ಕೊಂಡು ಬಂದಾಕಿನ್ನ ಬರಿಗೈಲೆ ಕಳಿಸಿದ್ನಿ ಅಂದ್ರ ನಮ್ಮವ್ವ ನನಗ ಮನ್ಯಾಗ ಅನ್ನ ಹಾಕೂದಿಲ್ಲ" ಅಂದು ಅಲ್ಲೇ ಸಹಿ ಮಾಡಿದ್ರು. ಕೆಳಗ ತಾರೀಖಿನ ಬಾಜೂ 'ತುರ್ತು' ಅಂತನೂ ಬರದ್ರು.

ಬಾಣಂತನ

ಒಂಬತ್ತು ತುಂಬಿದ ಮ್ಯಾಲೆ ಒಂದಿನ ಪೈಪಿಗೆ ನೀರು ಬಿಟ್ರು. ನಾನ ಓಡಿ ಹೋದ್ನಿ. ಚಾಚಿ ಮನಿಗೆ ಕೀಲಿ. ನಸಕಿನ್ಯಾಗ ಸೊಸಿನ್ನ ಘಟಪ್ರಭಾ ದವಾಖಾನಿಗೆ ಒಯ್ದಾರ ಅಂತ ಸಾವ್ಕಾರ್ರ ಹೆಂಡತಿ ಹೇಳಿದ್ಲು. ಅಂಗಳದಾಗಿನ ನಳ ನಾನ ತಿರುವಿದ್ನಿ. ಮೊದಲ ಬರೇ ಗಾಳಿ, ಆಮ್ಯಾಲೆ ಕೆಂಪ ರಾಡಿ, ಆಮ್ಯಾಲೆ ತಿಳಿ ನೀರು. ಅಲ್ಲೇ ಬೋರಲಾಗಿದ್ದ ಕೊಡಾ ತಗೊಂಡು ತುಂಬಿಟ್ನಿ. ಅಷ್ಟೊತ್ತಿಗೆ ಫೋನ್ ಬಂತು.

"ಸಾಹೇಬ್ರ, ಹೆಣ್ಣು ಕೂಸು! ಇಬ್ಬರೂ ಆರಾಮ ಅದಾರ. ನಳ?"

"ಬಂತು ಚಾಚಿ! ಕೊಡಾ ತುಂಬೈತಿ!"

"ಎಷ್ಟೊತ್ತಾತು?"

"ಈಗ ಐದು ಮಿನಿಟಾತು."

"ಕೂಸು ಬಂದು ಹದಿನೈದು ಮಿನಿಟಾತು. ಹತ್ತು ಮಿನಿಟು ತಡಾ ಮಾಡಿದ್ರಿ" ಅಂದ್ಲು. ಆಮ್ಯಾಲೆ ನಕ್ಕಳು. ಆ ನಗು ಕೇಳಿ ನನ್ನ ಕಣ್ಣಾಗ ನೀರು ಬಂತು, ಸುಳ್ಳ್ಯಾಕ ಹೇಳ್ಲಿ.

ಎಂಟು ದಿನದ ಮ್ಯಾಲೆ ಚಾಚಿ ಕಚೇರಿಗೆ ಬಂದ್ಲು. ಕೂಸಿನ ಕೈಯಾಗ ಇಡ್ರಿ ಅಂತ ನಾವೆಲ್ಲಾ ಸೇರಿ ಐದುನೂರು ಕೊಟ್ವಿ. ಸೊನ್ನಿ ಮ್ಯಾಲೆ ಆಗಬಾರದಂತ ಗಾಜಿನ ಕೆಳಗಿನ ಅಜ್ಜನ ರೂಪಾಯಿ ತಗದು ಮ್ಯಾಲಿಟ್ನಿ. ಚಾಚಿ ಕಣ್ಣಿಗೊತ್ತಿಕೊಂಡು, ಚೀಲದಾಗಿಂದ ಒಂದು ಡಬ್ಬಿ ತಗದ್ಲು. ಡಬ್ಬಿ ತುಂಬ ಅಂಟಿನ ಉಂಡಿ. ಬೆಲ್ಲ ಸಾವ್ಕಾರ್ರು ಕೊಟ್ಟಿದ್ದಂತ.

"ಇದು ಬಾಣಂತಿ ತಿನ್ನೋದಲ್ಲೇನು ಚಾಚಿ?"

"ಅದಕ್ಕ ತಂದೀನಿ. ಹೊತ್ತು ಹಡದಾವ್ರು ನೀವು. ನಡಾ ಗಟ್ಟಿ ಆಗಬೇಕು, ದಿನಕ್ಕೊಂದು ತಿನ್ರಿ" ಅಂದಾಕಿನ, ಒಂದು ಉಣ್ಣಿ ಸ್ಕಾರ್ಫ್ ತಗದು ನನ್ನ ಎರಡೂ ಕಿವಿ ಮುಚ್ಚಿ ಗದ್ದದ ಕೆಳಗ ಗಂಟು ಹಾಕಿದ್ಲು. ಮ್ಯಾಲೆ ಹಾಕಿದ್ದ ಫ್ಯಾನೂ ಬಂದ್ ಮಾಡಿದ್ಲು. ಕ್ಯಾಷಿಯರು ಟೇಬಲ್ ಕುಟ್ಟಿ ನಗಾಕತ್ತಿದ್ರು. ಬ್ಯಾಸಗಿ ಮಧ್ಯಾಹ್ನ, ನಾ ಬೆವತು, ಬಾಯಾಗ ಉಂಡಿ ಹಿಡಕೊಂಡು ಕುಂತಿದ್ನಿ.

ಅಷ್ಟರಾಗ ಒಬ್ಬಾಂವ ಕಾಗದಪತ್ರ ಹಿಡಕೊಂಡು ಒಳಗ ಬಂದ. "ಮನಿ ಕಟ್ಟಸಾಕತ್ತೇನ್ರಿ. ಅಭಿವೃದ್ಧಿ ಶುಲ್ಕ ಕಟ್ಟೋದು ಇಲ್ಲೇ ಏನ್ರಿ?"

ನಾ ಬಾಯಿ ತೆಗಿಯೋದ್ರೊಳಗ ಚಾಚಿ ಅಡ್ಡಾ ನಿಂತ್ಲು.

"ನಲವತ್ತು ದಿನಾ ಬಿಟ್ಟು ಬರ್ರಿ. ಸಾಹೇಬ್ರು ಹಸಿ ಬಾಣಂತಿ ಅದಾರ."