ಅವ್ವನ ದೀಕ್ಷಾಸ್ನಾನಕ್ಕ ಬಾಜೂ ಮನಿ ನೀರು

ದೇವರ ಕೆಲಸದಾಗ ನಗೂವಂಥಾದ್ದು ಏನಿರ್ತೇತಿ ಅಂತ ಮಂದಿ ನನ್ನ ಕೇಳ್ತಾರ. ಹಂಗ ಕೇಳಾವ್ರು ಯಾರೂ ಚರ್ಚಿನ ನೀರಿನ ಟಾಕಿ ತುಂಬಿಸಿದವ್ರಲ್ಲ. ನಾನು ರಿಟೈರ್ ಆದಾಗಿಂದ ಅದನ್ನ ತಿಕ್ಕತೇನಿ, ತುಂಬಸ್ತೇನಿ, ಖಾಲಿ ಮಾಡತೇನಿ. ಹಿಂಗಾಗಿ ಇಂಥಾ ನಗೂ ಪ್ರಸಂಗ ವರ್ಷಕ್ಕ ನಾಕಾರು ಆಗತಿರ್ತಾವು. ಈ ವರ್ಷದ್ದು ನಮ್ಮ ಮನೀದ ಆಗಿದ್ದಕ್ಕ ಜರಾ ಬಿಡಿಸಿ ಹೇಳತೇನಿ.

ನಮ್ಮದು ಹುಬ್ಬಳ್ಳ್ಯಾಗ ವಿದ್ಯಾನಗರದ ಹಿಂದಿನ ಓಣ್ಯಾಗಿನ ಸಣ್ಣ ಸಭೆ. ನಮ್ಮಲ್ಲೆ ಕೂಸಿನ ತಲೀಗೆ ನೀರು ಚಿಮುಕಿಸಿ ಮುಗಸೂದಿಲ್ಲ. ದೊಡ್ಡವರಾಗಿ, ತಿಳದು, ತಾವ ಒಪ್ಪಿ ಬರಬೇಕು. ಬಂದವ್ರನ್ನ ಪಾಸ್ಟರ್ ಟಾಕ್ಯಾಗ ಪೂರ್ತಿ ಮುಳುಗಿಸಿ ಎತ್ತತಾರ. ಹಳೇ ಮನುಷ್ಯ ಸತ್ತಾ, ಹೊಸಾ ಮನುಷ್ಯ ಎದ್ದು ಬಂದಾ ಅಂತ ಅದರ ಅರ್ಥ. ಆ ಹೊಸಾ ಮನುಷ್ಯಾಗ ಟಾವೆಲ್ ಕೊಡಾಂವ ನಾನು.

೧. ನೀರು ಬಿಡೋ ದಿವಸ

ಹೊಸಾ ಪಾಸ್ಟರ್ ಮೈಸೂರು ಕಡೆಯವ್ರು. ವಯಸ್ಸು ಸಣ್ಣದು, ಉಮೇದಿ ಭಾಳ. ಬಂದ ಮೊದಲನೇ ರವಿವಾರನ ಆರಾಧನೆ ಮುಗಿದ ಮ್ಯಾಲೆ ಹೇಳಿದ್ರು: "ಮುಂದಿನ ಭಾನುವಾರ ದೀಕ್ಷಾಸ್ನಾನ ಇರುತ್ತದೆ."

ಸಭೆಯವ್ರು ಎಲ್ಲಾರೂ ಹೊಳ್ಳಿ ನನ್ನ ಮಾರಿ ನೋಡಿದ್ರು. ನಾನು ಎದ್ದು ನಿಂತು, "ಅವತ್ತ ಆಗೂದಿಲ್ರಿ" ಅಂದೆ.

"ಯಾಕೆ? ನಾನು ಪ್ರಾರ್ಥನೆ ಮಾಡಿಯೇ ದಿನ ಗೊತ್ತು ಮಾಡಿದ್ದೇನೆ."

"ಖರೇರಿ. ಆದ್ರ ನಮ್ಮ ಓಣಿಗೆ ನೀರು ಬಿಡೂದು ಅದರ ಮರುದಿವಸ ಸೋಮವಾರ. ಅಷ್ಟ ದೊಡ್ಡ ಟಾಕಿ ತುಂಬಬೇಕಂದ್ರ ಅವತ್ತ ತುಂಬಬೇಕು. ಹಂಗಾಗಿ ಅದರ ಮುಂದಿನ ರವಿವಾರ ಇಟಗೋರಿ."

"ಇದನ್ನೆಲ್ಲ ಯಾರು ತೀರ್ಮಾನ ಮಾಡುತ್ತಾರೆ?"

"ನೀರಿನ ವಾಲ್ ತಿರುವಾಂವ್ರಿ."

ಅವತ್ತಿನಿಂದ ನಮ್ಮ ಸಭೆಯ ಪ್ರಾರ್ಥನ್ಯಾಗ ರಾಷ್ಟ್ರಪತಿ, ಮುಖ್ಯಮಂತ್ರಿ ಆದ ಮ್ಯಾಲೆ ವಾಲ್ ತಿರುವಾಂವನ ಆರೋಗ್ಯಕ್ಕೂ ಬೇಡ್ಕೊಳ್ಳಾಕತ್ತಾರ.

೨. ಕಡೀ ಪ್ರಶ್ನೆ

ದೀಕ್ಷಾಸ್ನಾನ ತೊಗೊಳ್ಳಾವ್ರಿಗೆ ಮೊದಲ ಮೂರು ಸಂಜಿ ಕ್ಲಾಸ್ ಇರ್ತೇತಿ. ಈ ಸಲ ಇದ್ದಾವ್ರು ಇಬ್ಬರ. ಒಬ್ಬಾಕಿ ಧಾರವಾಡದಾಗ ಪರೀಕ್ಷಾಕ್ಕ ಕೋಚಿಂಗ್ ತೊಗೊಳ್ಳೋ ಹುಡುಗಿ, ಇನ್ನೊಬ್ಬಾಕಿ ಎಂಬತ್ನಾಕು ವರ್ಷದ ನಮ್ಮ ಅವ್ವ.

ಪಾಸ್ಟರ್ ಅರ್ಧಾ ತಾಸು ಕಣ್ಣ ಮುಚ್ಚಿ ಮನಸ್ಸಿಟ್ಟು ಹೇಳಿದ್ರು. ನೀರಿಗೆ ಇಳಿಯೂದಂದ್ರ ಏನು, ಪಾಪಕ್ಕ ಸಾಯೂದಂದ್ರ ಏನು, ಏಳೂದಂದ್ರ ಏನು. ಕಣ್ಣ ತೆರೆದ ಮ್ಯಾಲೆ, "ಏನಾದರೂ ಕೇಳುವುದಿದೆಯಾ?" ಅಂದ್ರು. ಹುಡುಗಿ ಪೆನ್ನಿನ ಟೋಪಿ ತಗದು, "ಸರ್, ಹೋದ ವರ್ಷ ಏನೇನ ಕೇಳಿದ್ರು?" ಅಂದ್ಲು.

ನಮ್ಮ ಅವ್ವಗ ಅದು ಗೊತ್ತಿತ್ತು. ಯಾಕಂದ್ರ ಆಕಿ ಆ ಕ್ಲಾಸಿಗೆ ಕೂತಿದ್ದು ಒಂಬತ್ತನೇ ಸಲ. ಪಾಸ್ಟರ್ ಎಲ್ಲೆರ ವಚನ ಮರತ್ರ ಆಕೀನ ಎತ್ತಿ ಕೊಡತಿದ್ಲು. ಆಕಿ ಪ್ರತೀ ಸಲಾ ಸಿಕ್ಕೊಳ್ಳೂದು ಕಡೀ ಪ್ರಶ್ನೇದಾಗ. "ನೀವು ಕ್ಷಮಿಸದೆ ಉಳಿಸಿಕೊಂಡವರು ಯಾರಾದರೂ ಇದ್ದಾರಾ?" ಅಂತ ಕೇಳ್ತಾರ. ಉಳದವ್ರು ಎಲ್ಲಾ "ಇಲ್ರಿ" ಅಂತಾರ. ನಮ್ಮ ಅವ್ವ, "ಒಬ್ಬಾಕಿ ಅದಾಳ್ರಿ" ಅಂತಿದ್ಲು.

ಹರೇದಾಗ ಆ ಒಬ್ಬಾಕಿ ನಾದಿನಿ ಆಗಿದ್ಲು. ನಾದಿನಿ ತೀರಿಕೊಂಡ ಮ್ಯಾಲೆ ಬಾಜೂ ಮನಿ ಕಾಕು ಆದ್ಲು. ಇಪ್ಪತ್ತೆರಡು ವರ್ಷದ ಹಿಂದ ಸಾರ್ವಜನಿಕ ನಳದ ಮುಂದ ಪಾಳಿ ಹಚ್ಚಿದಾಗ ಯಾರೋ ಒಬ್ಬರು ಇನ್ನೊಬ್ಬರ ಕೊಡಾ ಹಿಂದ ಸರಿಸಿ ತಮ್ಮದನ್ನ ಮುಂದ ಇಟ್ಟಿದ್ರು. ಸರಿಸಿದಾಕಿ ಕಾಕು ಅಂತ ಅವ್ವ, ಅವ್ವ ಅಂತ ಕಾಕು. ಅವತ್ತಿನಿಂದ ಇಬ್ಬರೂ ಮಾತ ಬಿಟ್ಟಾರ. ಜಗಳಾ ಇದ್ದಾಗ ಅಷ್ಟ ಮಾತಾಡತಾರ.

ನಗೂ ಮಾತಲ್ಲ ಇದು. ನಮ್ಮ ಸಭ್ಯಾಗ ದೀಕ್ಷಾಸ್ನಾನ ಆಗದವ್ರಿಗೆ ಕರ್ತನ ಭೋಜನದಾಗ ಪಾಲಿಲ್ಲ. ತಿಂಗಳ ಮೊದಲನೇ ರವಿವಾರ ಎಲ್ಲಾರೂ ಎದ್ದು ರೊಟ್ಟಿ, ದ್ರಾಕ್ಷಾರಸ ತೊಗೊಳ್ಳಾಕ ಮುಂದ ಹೋಗತಾರ. ಅವ್ವ ಒಬ್ಬಾಕಿ ಬೆಂಚಿನ ಮ್ಯಾಲೆ ಎಲ್ಲಾ ಹೆಣ್ಮಕ್ಕಳ ವ್ಯಾನಿಟಿ ಬ್ಯಾಗ್ ಉಡ್ಯಾಗ ಇಟಗೊಂಡು ಕೂಡತಾಳ. ಈ ವರ್ಷ ಒಂದ ದಿವಸ ಮನೀಗೆ ಬಂದು ಅಂದ್ಲು: "ಮಂದಿ ಬ್ಯಾಗ್ ಕಾಯೂದ ಆತೋ ನನ್ನ ಜನ್ಮಾ. ಸಾಯೂದರಾಗ ಒಮ್ಮೆರ ಆ ರೊಟ್ಟಿ ತಿನ್ನಬೇಕು."

ಈ ಸಲ ಕಡೀ ಪ್ರಶ್ನೆ ಬಂದಾಗ ಅವ್ವ ಮಾಳಿಗಿ ನೋಡಿದ್ಲು. ಆಮ್ಯಾಲೆ, "ಮಾಫ್ ಮಾಡೇನಿ ಅಂತ ಬರಕೋರಿ" ಅಂದ್ಲು. ನನಗ ಖುಷಿ ಆತು. ಹೊರಗ ಚಪ್ಪಲಿ ಮೆಟ್ಟಕೊಂತ ಸಣ್ಣ ದನ್ಯಾಗ ಹೇಳಿದ್ಲು: "ರವಿವಾರತನಕಾ ಟೈಮ್ ಐತೆಲ್ಲಾ, ಮಾಡತೇನಿ."

೩. ಪಾತ್ರೆಯ ಬಗೆ

ಸೋಮವಾರ ನೀರು ಬಂತು, ಟಾಕಿ ತುಂಬಿಸಿದೆ. ಮ್ಯಾಲೆ ಮುಚ್ಚೂದನ್ನ ಮರತೆ. ಶನಿವಾರ ಮುಂಜಾನೆ ಡೆಂಗ್ಯೂ ಸರ್ವೇದ ನರ್ಸ್ ಬಾಯಾರು ಟಾರ್ಚ್ ಹಿಡಕೊಂಡು ಬಂದ್ರು. ಟಾಕ್ಯಾಗ ಬಗ್ಗಿ ನೋಡಿ, "ಲಾರ್ವಾ ಅದಾವ್ರಿ, ಚೆಲ್ಲಬೇಕು" ಅಂದ್ರು.

ನಾನು ಕೈ ಮುಗದು, "ಬಾಯಾರ, ಇದು ದೀಕ್ಷಾಸ್ನಾನದ ನೀರ್ರಿ. ನಾಳೆ ಒಂದ ದಿವಸ ಬಿಡ್ರಿ" ಅಂದೆ.

"ಸೊಳ್ಳಿಗೆ ಅದು ಗೊತ್ತಾಗೂದಿಲ್ರಿ" ಅಂದ್ರು. ಅವ್ರು ಹೇಳೂದೂ ಖರೇನ ಇತ್ತು.

ಆಮ್ಯಾಲೆ ಫಾರ್ಮ್ ತಗದ್ರು. ಪಾತ್ರೆಯ ಬಗೆ ಅನ್ನೂ ಕಡೆ ಡ್ರಮ್ಮು, ಟಾಯರು, ಕೂಲರು, ಹೂವಿನ ಕುಂಡಿ ಇದ್ದೂವು. ಯಾವುದೂ ಹೊಂದಲಿಲ್ಲ. "ಇದರಾಗ ಏನ ಮಾಡತೀರಿ?" ಅಂತ ಕೇಳಿದ್ರು. ಹಳೇ ಮನುಷ್ಯ ಇದರಾಗ ಸಾಯ್ತಾನ್ರಿ ಅಂತ ವಿವರಿಸಿ ಹೇಳಿದೆ. ಬಾಯಾರು ಎರಡ ಹೆಜ್ಜಿ ಹಿಂದ ಸರದು, "ಇತರೆ" ಅಂತ ಬರಕೊಂಡ್ರು.

೪. ಎಷ್ಟು ಬೇಕು

ಟಾಕಿ ಖಾಲಿ. ಟ್ಯಾಂಕರಿನವಾಂಗ ಫೋನ್ ಹಚ್ಚಿದ್ರ ಮದಿವಿ ಸೀಜನ್‌ರಿ, ಮಂಗಳವಾರತನಕಾ ಆಗೂದಿಲ್ಲ ಅಂದಾ. ಪಾಸ್ಟರ್ ಮುಂದಿನ ತಿಂಗಳು ಇಟ್ಟುಕೊಳ್ಳೋಣ ಅಂದ್ರು. ಮುಂದಿನ ತಿಂಗಳತನಕಾ ಅವ್ವನ ಮನಸ್ಸು ಹಿಂಗ ಇರ್ತೇತಿ ಅಂತ ನನಗ ನಂಬಿಕಿ ಇರಲಿಲ್ಲ. ಹತ್ತನೇ ಸಲ ಕ್ಲಾಸಿಗೆ ಕೂತ್ರ ಕಡೀ ಪ್ರಶ್ನೆಗೆ ಏನ ಅಂತಾಳೋ ಏನೋ.

ಓಣ್ಯಾಗ ಅಷ್ಟು ನೀರು ಇದ್ದದ್ದು ಒಂದ ಕಡೆ, ಬಾಜೂ ಮನಿ ಕಾಕುನ ಸಂಪಿನ್ಯಾಗ. ಚರ್ಚಿನ ಕಾಂಪೌಂಡ್ ದಾಟಿದ್ರ ಅವರ ಹಿತ್ತಲಾನ. ಹೋದೆ. ಕಾಕು ಹೊಸ್ತಿಲದಾಗ ಕೂತು ಮೆಂತೆಪಲ್ಯಾ ಬಿಡಸಾಕತ್ತಿದ್ಲು.

"ಕಾಕು, ಚರ್ಚಿನ ಟಾಕಿಗೆ ಒಂದಿಷ್ಟು ನೀರು ಬೇಕಾಗಿತ್ರಿ."

"ಯಾರ ಸಲುವಾಗಿ?"

ಸುಳ್ಳು ಹೇಳಾಕ ಬರಲಿಲ್ಲ. "ಅವ್ವನ ಸಲುವಾಗ್ರಿ."

ಕಾಕು ಪಲ್ಯಾ ಬಿಡಸೂದು ನಿಲ್ಲಿಸಿದ್ಲು. "ಏನ ಮಾಡತಾರ ಆಕೀನ್ನ?"

"ನೀರಾಗ ಮುಳುಗಸ್ತಾರ್ರಿ."

"ಪೂರ್ತಿ?"

"ಪೂರ್ತಿ."

"ಮೋಟರ್ ಹಚ್ಚಕೋ" ಅಂದ್ಲು. "ಆಕಿ ತಲೀಮ್ಯಾಲೆ ಎರಡ ಗೇಣು ಬರೂವಷ್ಟು ತೊಗೊಂಡ ಹೋಗು."

೫. ಟಾಕ್ಯಾಗ

ರವಿವಾರ ಮುಂಜಾನೆ ಮೊದಲ ಕೋಚಿಂಗ್ ಹುಡುಗಿ ಮುಳುಗಿ ಎದ್ಲು, ತಪ್ಪಿಲ್ಲದ ಮುಗೀತು. ಆಮ್ಯಾಲೆ ಅವ್ವ ಬಿಳೀ ಸೀರಿ ಉಟಗೊಂಡು ನನ್ನ ಕೈ ಹಿಡದು ಮೆಟ್ಟಲಾ ಇಳದ್ಲು. ಅದ ಹೊತ್ತಿಗೆ ಕಾಕು ಬಂದು ಕಡೀ ಬೆಂಚಿನ್ಯಾಗ ಕೂತ್ಲು. ತನ್ನ ನೀರು ಏನಾಕ್ಕೇತಿ ಅಂತ ನೋಡಾಕ ಬಂದಿರಬೇಕು.

ಪಾಸ್ಟರ್ ಎದಿಮಟಾ ನೀರಾಗ ನಿಂತು ಎಲ್ಲಾರ ಮುಂದ ಕೇಳಿದ್ರು: "ನೀವು ಎಲ್ಲರನ್ನೂ ಕ್ಷಮಿಸಿದ್ದೀರಾ?"

"ಹೂನ್ರಿ" ಅಂದ್ಲು ಅವ್ವ. "ಬಾಜೂ ಮನ್ಯಾಕಿನ್ನೂ ಮಾಫ್ ಮಾಡೇನಿ."

ಕಾಕು ಎದ್ದು ನಿಂತ್ಲು. "ಮಾಫ್ ಮಾಡಾಕ ಆಕಿ ಯಾರ್ರಿ? ಕೊಡಾ ಸರಿಸಿದಾಕಿ ಆಕಿ."

ಅವ್ವ ಟಾಕ್ಯಾಗಿಂದನ ಹೊಳ್ಳಿದ್ಲು. "ಹೇಳೇ ಬಿಡತೇನಿ ಕೇಳು. ಅವತ್ತ ಆ ಕೊಡಾ..."

ಪಾಸ್ಟರಿಗೆ ಅದು ಜೀವನದಾಗ ಮೊದಲನೇ ದೀಕ್ಷಾಸ್ನಾನದ ದಿವಸ. ಅವರು ಮಾತು ಮುಗಿಯೂಮಟಾ ಕಾಯಲಿಲ್ಲ. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಅಂದವ್ರ ಆಕೀನ್ನ ಒತ್ತಿ ಬಿಟ್ರು. ಅವ್ವ ಬಾಯಿ ತಕ್ಕೊಂಡ ಒಳಗ ಹೋದ್ಲು.

ಎತ್ತಿದ್ರು. ಕೆಮ್ಮಿದ್ಲು, ಮಾರಿ ಒರಿಸಿಕೊಂಡ್ಲು. ನಾನು ಟಾವೆಲ್ ಹಿಡಕೊಂಡು ನಿಂತಿದ್ದೆ. ಈಗ ಆ ಮಾತ ಪೂರಾ ಮಾಡತಾಳ, ಜಗಳಾ ಆಕ್ಕೇತಿ, ಪಾಸ್ಟರ್ ಇದು ನಡೆಯೂದಿಲ್ಲ ಅಂತಾರ, ಅವ್ವ ಮತ್ತ ಬೆಂಚಿಗೆ. ಹಂಗ ಅಂದಕೊಂಡೆ.

ಅವ್ವ ಕಡೀ ಬೆಂಚಿನ ಕಡೆ ನೋಡಿದ್ಲು.

"ನಾನ ಸರಿಸಿದ್ದೆ" ಅಂದ್ಲು. "ಮೊಮ್ಮಗಳಿಗೆ ಜ್ವರಾ ಇತ್ತು, ಲಗೂ ಮನೀಗೆ ಹೋಗಬೇಕಿತ್ತು. ಆಮ್ಯಾಲೆ ಹೇಳಾಕ ನಾಚಿಕಿ ಆತು. ಇಷ್ಟ ವರ್ಷ ಬರೇ ನಾಚಿಕೀನ ಆತು."

ಕಾಕು ನಿಂತಲ್ಲೆ ನಿಂತು ಸೆರಗಿಲೆ ಕಣ್ಣ ಒರಿಸಿಕೊಂಡ್ಲು. ನನಗೂ ತಡಕೊಳ್ಳಾಕ ಆಗಲಿಲ್ಲ, ಅವ್ವನ ಟಾವೆಲ್‌ಲೇ ಮಾರಿ ಒರಿಸಿಕೊಂಡೆ.

ಆಮ್ಯಾಲೆ ಕಾಕು ಪಾಸ್ಟರ್ ಕಡೆ ನೋಡಿ ಭಾಳ ಮರ್ಯಾದಿಲೆ ಕೇಳಿದ್ಲು:

"ಸರ, ಇನ್ನೊಮ್ಮೆ ಮುಳುಗಿಸಿ ನೋಡ್ರಿ. ನನ್ನ ತಾಮ್ರದ ತಂಬಗಿ ಕಾಣದಂಗಾಗಿ ಹನ್ನೊಂದು ವರ್ಷಾತು."