ನೀರಿಗೆ ಬಿದ್ದವರು ನಿಲ್ಲುವ ಜಾಗ

ನೀರಿಗೆ ಬಿದ್ದವರನ್ನು ಎತ್ತುವವರು ಎಲ್ಲ ಊರಲ್ಲೂ ಇದ್ದಾರೆ. ದಡದಲ್ಲಿ ನಿಂತು ನಗುವವರು ಇನ್ನೂ ಜಾಸ್ತಿ ಇದ್ದಾರೆ. ಆದರೆ ಬೀಳುವುದಕ್ಕೆ ಒಂದು ವಾರ ಮೊದಲೇ ಹೋಗಿ, ಬಿದ್ದಮೇಲೆ ಅವರು ಎಲ್ಲಿ ನಿಲ್ಲಬೇಕೆಂದು ಟೇಪು ಹಿಡಿದು ಅಳೆದು, ಕಲ್ಲು ನೆಟ್ಟು, ಸುತ್ತ ಸುಣ್ಣ ಹಾಕಿ ಬರುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನಮ್ಮ ಕಾಕಾ.

ಗಾಬರಿಯಾಗಬೇಡಿ. ಬೀಳುತ್ತಿದ್ದದ್ದು ಮನುಷ್ಯರಲ್ಲ, ಪ್ಲಾಸ್ಟಿಕ್ ತಟ್ಟೆಗಳು.

ತೊಂಬತ್ತರ ದಶಕದ ನಡುವಿನ ಮಾತು. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹಾವೇರಿ ಕಡೆಯಿಂದ ಬಂದು ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಮನೆ ಹೂಡಿಯಲ್ಲಿ. ಹೊಸ ಯಂತ್ರದ ತರಬೇತಿಗೆಂದು ಕಂಪನಿಯವರು ಅವರನ್ನು ಎರಡು ತಿಂಗಳು ವಿದೇಶಕ್ಕೆ ಕಳಿಸಿದರು. ಜೊತೆಗೆ ಹೋದವರು ಟೇಪ್ ರೆಕಾರ್ಡರ್ ತಂದರು, ಸೆಂಟು ತಂದರು. ಕಾಕಾನ ಸೂಟ್‌ಕೇಸಿನಿಂದ ಹೊರಬಂದದ್ದು ಮೂರು ಪ್ಲಾಸ್ಟಿಕ್ ತಟ್ಟೆ. ಅವರ ಹೆಂಡತಿ, ನಮ್ಮ ಕಾಕು, ಒಂದನ್ನು ತಿರುಗಿಸಿ ನೋಡಿದರು.

"ತಾಟು ತಂದೀರಿ, ಆತು. ಮೂರ ಯಾಕ? ಮನ್ಯಾಗ ನಾಕು ಮಂದಿ ಅದೇವಿ."

ಅದು ಊಟದ ತಟ್ಟೆಯಲ್ಲ, ಡಿಸ್ಕ್ ಗಾಲ್ಫ್ ಎಂಬ ಆಟದ್ದು ಎಂದು ಕಾಕಾ ವಿವರಿಸಿದರು. ಗಾಲ್ಫಿನಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಗುಳಿಗೆ ಹಾಕುತ್ತಾರೆ. ಇಲ್ಲಿ ತಟ್ಟೆಯನ್ನು ಕೈಯಿಂದ ಎಸೆದು ಎಸೆದು ದೂರದ ಬುಟ್ಟಿಗೆ ಹಾಕಬೇಕು; ಕಮ್ಮಿ ಎಸೆತದಲ್ಲಿ ಹಾಕಿದವನು ಗೆದ್ದ. ಕಾಕು ಎಲ್ಲ ಕೇಳಿಸಿಕೊಂಡು, ಒಂದು ಡಿಸ್ಕನ್ನು ಸಾರಿನ ಪಾತ್ರೆಯ ಮೇಲೆ ಮುಚ್ಚಿದರು. ಅಳತೆ ಸರಿಹೋಯಿತು. ಆ ಡಿಸ್ಕು ಕೊನೆಯವರೆಗೂ ಒಗ್ಗರಣೆಯ ವಾಸನೆ ಬಿಡಲಿಲ್ಲ.

ಒಂದು ತಿಂಗಳಲ್ಲಿ ಹೂಡಿಯ ಆಚೆ ಒಂದು ಕೆರೆಯ ಸುತ್ತ ಒಂಬತ್ತು ಬುಟ್ಟಿ ಎದ್ದು ನಿಂತವು. ಹಳೇ ಪೈಪು, ಅದರ ತಲೆಯ ಮೇಲೆ ಸೈಕಲ್ ರಿಮ್ಮು, ರಿಮ್ಮಿನಿಂದ ಜೋತುಬಿದ್ದ ಚೈನುಗಳು. ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಇಬ್ಬರು ಗೆಳೆಯರು, ಕಾಕಾ, ನಾನು; ಇದ್ದ ಮೂರು ಡಿಸ್ಕನ್ನೇ ನಾಲ್ವರೂ ಸರದಿಯಂತೆ ಎಸೆಯುತ್ತಿದ್ದೆವು. ಡಿಗ್ರಿಯ ಕೊನೇ ಪರೀಕ್ಷೆ ಬರೆದು, ಫಲಿತಾಂಶ ಬರುವವರೆಗೆ ಮನೆಯವರೆಲ್ಲರ ದನಿ ಅಣಕಿಸುವುದೊಂದೇ ಉದ್ಯೋಗವಾಗಿದ್ದ ಕಾಲ ನನ್ನದು. "ಇವನಿಗೆ ಸ್ವಂತ ದನಿ ಅಂತ ಒಂದು ಇದೆಯೇನೇ?" ಎಂದು, ಬಹಳ ಮೊದಲೇ ಬೆಂಗಳೂರು ಸೇರಿ ಊರ ಮಾತು ಮರೆತಿದ್ದ ಅಪ್ಪ ಅಮ್ಮನನ್ನು ಕೇಳುತ್ತಿದ್ದರು. ಆ ಪ್ರಶ್ನೆಯನ್ನೂ ನಾನು ಅಪ್ಪನ ದನಿಯಲ್ಲೇ ಹೇಳಿ ತೋರಿಸುತ್ತಿದ್ದೆ.

ಆಟದ ತಲೆನೋವು ಎರಡನೇ ಬುಟ್ಟಿ. ಎಸೆಯುವ ಜಾಗಕ್ಕೂ ಬುಟ್ಟಿಗೂ ನಡುವೆ ಕೆರೆಯ ಒಂದು ಮೂಲೆ ಅಡ್ಡ. ಗೆಳೆಯರ ಡಿಸ್ಕು ತಪ್ಪದೆ ನೀರಿಗೇ ಹೋಗುತ್ತಿತ್ತು, ನನ್ನದಂತೂ ಬೇರೆ ದಾರಿಯನ್ನೇ ಕಂಡಿರಲಿಲ್ಲ. ಪ್ಯಾಂಟು ಮಡಚಿ ಇಳಿದು ಮೂರನ್ನೂ ಹುಡುಕಿ ತರುವವನು ನಾನು. ಕಾಕಾನ ಡಿಸ್ಕು ಮಾತ್ರ ಒಮ್ಮೆಯೂ ನೀರು ಮುಟ್ಟಿದ್ದಿಲ್ಲ. ಹಣೆಯ ವಿಭೂತಿ ಅಳಿಸದಂತೆ ಬೆವರು ಒರೆಸಿಕೊಂಡು, ಮಣಿಕಟ್ಟನ್ನು ಒಂದು ಸಲ ತಿರುಗಿಸಿ ಬಿಟ್ಟರೆ, ಅದು ಕೊಕ್ಕರೆಯ ಹಾಗೆ ಆಚೆ ದಡಕ್ಕೆ ಹೋಗಿ ಇಳಿಯುತ್ತಿತ್ತು.

"ನೀರಿಗೆ ಬಿದ್ರ ಒಂದು ಎಸೆತ ದಂಡ. ಆಮ್ಯಾಲೆ ಡ್ರಾಪ್ ಝೋನಿಗೆ ಹೋಗಿ ನಿಂತು, ಅಲ್ಲಿಂದ ಎಸೀಬೇಕು" ಎಂದರು ಕಾಕಾ.

"ಅದೆಲ್ಲಿದೆ?"

"ನಾವ ಮಾಡಬೇಕು."

ಮಾಡುವುದೆಂದರೆ ಏನು, ಒಂದು ಕಲ್ಲಿಟ್ಟರೆ ಆಯಿತಲ್ಲ ಎಂದುಕೊಂಡಿರಿ ತಾನೆ? ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ಭಾನುವಾರ ಹಿಡಿಯಿತು. ಬುಟ್ಟಿಗೆ ತೀರಾ ಹತ್ತಿರವಿದ್ದರೆ ಜನ ಬೇಕೆಂದೇ ನೀರಿಗೆ ಹಾಕುತ್ತಾರೆ. ತೀರಾ ದೂರವಿದ್ದರೆ ಅಲ್ಲಿಂದ ಎಸೆದದ್ದೂ ಮತ್ತೆ ನೀರಿಗೇ ಬೀಳುತ್ತದೆ. "ಒಂದು ತಪ್ಪಿಗೆ ಒಂದ ಶಿಕ್ಷಾ ತಮ್ಮಾ. ಎರಡನೇದು ಕೊಟ್ರ ಅದು ಆಟ ಅಲ್ಲ, ಅನ್ಯಾಯ" ಎನ್ನುತ್ತ ಕಾಕಾ ಟೇಪಿನ ಒಂದು ತುದಿ ನನಗೆ ಕೊಟ್ಟು ಮುಳ್ಳಿನ ಪೊದೆಯೊಳಕ್ಕೆ ಕಳಿಸುತ್ತಿದ್ದರು. ಆ ಶಿಕ್ಷೆ ಯಾವ ತಪ್ಪಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನಿಯಮಗಳು ಸ್ಪಷ್ಟವಾದಷ್ಟೂ ನಮ್ಮ ಗೊಂದಲ ಹೆಚ್ಚಿತು. ಒಮ್ಮೆ ಗೆಳೆಯರೊಬ್ಬರ ಡಿಸ್ಕು ನೀರಿನಲ್ಲಿ ಮಲಗಿದ್ದ ಎಮ್ಮೆಯ ಬೆನ್ನ ಮೇಲೆ ಕೂತಿತು. ಎಮ್ಮೆ ನೀರಿನಲ್ಲಿದೆ, ಡಿಸ್ಕು ಎಮ್ಮೆಯ ಮೇಲಿದೆ. ಹಾಗಾದರೆ ಡಿಸ್ಕು ಎಲ್ಲಿದೆ? ಕಾಕಾ ಕಣ್ಣು ಮುಚ್ಚಿ ಕಾಲು ಗಂಟೆ ಯೋಚಿಸಿದರು. ಅಷ್ಟರಲ್ಲಿ ಎಮ್ಮೆ ಎದ್ದು, ಡಿಸ್ಕನ್ನು ಹೊತ್ತುಕೊಂಡೇ ದಡ ಹತ್ತಿ, ಬುಟ್ಟಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಮೈ ಕೊಡವಿ ಬೀಳಿಸಿತು. ಆ ವಾರ ಗೆದ್ದವರು ಆ ಗೆಳೆಯರೇ.

ಎಮ್ಮೆ ಮುನಿಯಕ್ಕನದು. ಕೆರೆಯ ಪಕ್ಕದ ಅರ್ಧ ಎಕರೆ ಹೊಲವೂ ಅವರದೇ. ಬೇಸಿಗೆಯಲ್ಲಿ ನೀರಿನಂಚಿಗೆ ನೆಟ್ಟಿದ್ದ ನಮ್ಮ ಕಲ್ಲು ಮೊದಲ ಮಳೆಗೇ ಮುಳುಗಿತು. ಕಾಕಾ ಅದನ್ನು ಮೇಲಕ್ಕೆ ತಂದು, ಖಾಲಿ ಬಿದ್ದಿದ್ದ ಆ ಹೊಲದ ಮೂಲೆಯಲ್ಲಿ ನೆಟ್ಟರು. ಹಳದಿ ಬಣ್ಣದಲ್ಲಿ 'ಡಿ-೨' ಎಂದು ಬರೆದರು, ಸುತ್ತ ಸುಣ್ಣದ ಗೆರೆ ಎಳೆದರು. ಮೂಲೆಯಲ್ಲೊಂದು ಕಲ್ಲು, ಯಾರಿಗೇನು ತೊಂದರೆ?

ತೊಂದರೆ ಕಲ್ಲಿಗೇ ಆಯಿತು. ಊರ ಹುಡುಗರು ಅದನ್ನು ಕಿತ್ತು ಕ್ರಿಕೆಟ್ಟಿಗೆ ವಿಕೆಟ್ ಮಾಡಿಕೊಳ್ಳುತ್ತಿದ್ದರು. ಪ್ರತಿ ಭಾನುವಾರ ಮತ್ತೆ ಟೇಪು, ಮತ್ತೆ ಮುಳ್ಳು. ಇಲ್ಲಿ ನನ್ನ ಪ್ರತಿಭೆ ರಂಗಕ್ಕೆ ಬಂತು. ಆಗ ಆ ಕಡೆಯ ಜಮೀನೆಲ್ಲ ಕಂಪನಿಗಳಿಗೆ ಹೋಗುತ್ತದೆಂಬ ಸುದ್ದಿ. ಸರ್ವೆಯವರು ಸರಪಳಿ ಹಿಡಿದು ಓಡಾಡುತ್ತಿದ್ದರು, ಕಂಡಕಂಡ ಹೊಲದಲ್ಲಿ ಕಲ್ಲು ನೆಡುತ್ತಿದ್ದರು. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಮೂಗಿನಲ್ಲಿ ಮಾತಾಡುವ ಒಬ್ಬ ಸರ್ವೆಯವರ ದನಿಯನ್ನು ನಾನು ಕಲಿತಿದ್ದೆ. ಕಾಕಾನ ಮನೆಯ ಊಟದಲ್ಲಿ ಅದನ್ನು ಮಾಡಿದರೆ ಕಾಕಾಗೆ ನಕ್ಕು ನಕ್ಕು ಅನ್ನ ನೆತ್ತಿಗೇರುತ್ತಿತ್ತು. ಒಂದು ಸಂಜೆ ಕೆರೆಯ ಹತ್ತಿರದ ಟೀ ಅಂಗಡಿಯ ತಡಿಕೆಯ ಹಿಂದೆ ನಿಂತು, ಒಳಗೆ ಕೂತ ಹುಡುಗರಿಗೆ ಕೇಳುವಂತೆ ಆ ದನಿ ತೆಗೆದೆ:

"ಹಳದಿ ಕಲ್ಲು ಗೌರ್ಮೆಂಟ್ ಕಲ್ಲು ಕಣ್ರಯ್ಯ. ಅದನ್ ಮುಟ್ಟಿದ್ರೂ ಕೇಸು, ಆ ಹೊಲಕ್ಕೆ ಕಾಲಿಟ್ರೂ ಕೇಸು."

ಮರುದಿನದಿಂದ ಕಲ್ಲು ಅಲ್ಲಾಡಲಿಲ್ಲ. "ಊರ ಮಂದಿ ಭಾಳ ಶಾಣ್ಯಾ. ಆಟಕ್ಕ ಮರ್ಯಾದಿ ಕೊಡ್ತಾರ" ಎಂದು ಕಾಕಾ ಮೆಚ್ಚಿದರು. ನಾನು ಮೀಸೆಯಿಲ್ಲದ ಕಡೆ ಮೀಸೆ ತಿರುವಿದೆ.

ಅಲ್ಲಿಂದ ಕಾಕಾಗೆ ಸಿಕ್ಕ ಗೌರವವೇ ಬೇರೆ. ಟೇಪು ಹಿಡಿದು ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಯಾರೋ ಎಳನೀರು ತಂದರು. ಒಂದು ದಿನ ಟೀ ಅಂಗಡಿಯವರು ಗ್ಲಾಸು ಕೈಗೆ ಕೊಟ್ಟು ಮೆಲ್ಲಗೆ ಕೇಳಿದರು:

"ಯಾವಾಗ ಶುರುವಾಯ್ತದೆ ಸಾರ್?"

ತಾವು ನಡೆಸಬೇಕೆಂದಿದ್ದ ಪಂದ್ಯಾವಳಿಯ ಬಗ್ಗೆ ಕೇಳುತ್ತಿದ್ದಾರೆಂದು ಕಾಕಾ ಅರಳಿದರು. "ಮಳಿಗಾಲ ಮುಗೀಲಿ."

"ಎಷ್ಟು ಜಾಗ ಬೇಕಾಯ್ತದೆ?"

"ಸದ್ಯ ಇಷ್ಟ ಸಾಕು. ಮಂದಿ ಹೆಚ್ಚಾದ್ರ ಕೆರಿ ಸುತ್ತ ಪೂರಾ ಬೇಕು."

"ಅಲ್ಲಿರೋರು ಎಲ್ಲಿಗೋಗದು ಸಾರ್?"

"ಎಲ್ಲಿಗ್ಯಾಕ ಹೋಗ್ತೀರಿ? ನಿಂತು ನೋಡ್ರಿ, ಚಪ್ಪಾಳಿ ತಟ್ರಿ."

ಅಂಗಡಿಯವರು ಟೀ ಕಾಸು ಕೇಳದೆ ಒಳಗೆ ಹೋದರು. ಅವರ ಮುಖ ನೋಡಿ ನನಗೆ ಏನೋ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಮುಖವನ್ನೂ ಮನೆಯಲ್ಲಿ ಮಾಡಿ ತೋರಿಸಿ ನಗಿಸಿದೆ.

ಆಷಾಢದ ಮಳೆ ಹದವಾಗಿ ಬಂತು. ಸುತ್ತಲ ಹೊಲಗಳಲ್ಲೆಲ್ಲ ರಾಗಿ ಬಿತ್ತನೆಯಾಯಿತು. ಮುನಿಯಕ್ಕನ ಹೊಲವೊಂದು ಹಾಗೇ ಬಿದ್ದಿತ್ತು, ನಡುವೆ ಕಳೆ ಏಳುತ್ತಿತ್ತು. ಆಕೆ ಬದುವಿನ ಮೇಲೆ ಕೂತು ಕೆರೆ ನೋಡುತ್ತಿದ್ದರು.

"ಯಾಕವ್ವಾ, ನೀನೊಬ್ಬಾಕಿ ಬಿತ್ತಿಲ್ಲಲ್ಲ?" ಎಂದರು ಕಾಕಾ.

"ಕಲ್ಲು ನೆಟ್ಟೋರೇ ಕೇಳ್ತೀರಲ್ಲ ಸಾಮಿ."

ಕಾಕಾ ಕಲ್ಲು ನೋಡಿದರು, ಆಕೆಯನ್ನು ನೋಡಿದರು, ಏನೂ ತಿಳಿಯದೆ ಟೇಪನ್ನು ನೋಡಿದರು.

"ನಮ್ ಒಲಕ್ಕೆ ನೇಗ್ಲು ಕಟ್ಟಾಕೆ ಯಾರೂ ಬರಾಕಿಲ್ಲ ಅಂತಾವ್ರೆ. ಕೇಸಾಯ್ತದಂತೆ. ಇನ್ ಮೂರ್ ದಿನ ಓದ್ರೆ ಮಣ್ಣಿನ್ ಅದ ಆರೋಯ್ತದೆ. ಈ ವರ್ಸ ರಾಗಿ ಇಲ್ಲ ಬುಡಿ."

"ಯಾರು ಅಂದ್ರು ಹಂಗ?"

ಮುನಿಯಕ್ಕ ಕಣ್ಣೊರೆಸಿಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರು, ಮೂಗಿನಲ್ಲಿ: "ಅಳದಿ ಕಲ್ಲು ಗೌರ್ಮೆಂಟ್ ಕಲ್ಲು ಕಣ್ರಯ್ಯ."

ನನ್ನ ಅಣಕವನ್ನು ಇನ್ನೊಬ್ಬರು ಅಣಕಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚೆನ್ನಾಗಿ ಮಾಡಿದ್ದರು. ಕಾಕಾ ನಿಧಾನಕ್ಕೆ ನನ್ನ ಕಡೆ ತಿರುಗಿದರು. ಬೈದಿದ್ದರೆ ಅದನ್ನೂ ಕಲಿತುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಬಗ್ಗಿ ಎರಡೂ ಕೈಯಿಂದ ಕಲ್ಲು ಕಿತ್ತು ಹೆಗಲ ಮೇಲಿಟ್ಟುಕೊಂಡು ಊರೊಳಕ್ಕೆ ನಡೆದರು. ನಾನೂ ಮುನಿಯಕ್ಕನೂ ಹಿಂದೆ.

"ಇದು ಆಟದ ಕಲ್ಲು, ನೀರಿಗೆ ಬಿದ್ದಾವ್ರು ನಿಲ್ಲೋ ಜಾಗದ್ದು. ಸರ್ಕಾರದ್ದಲ್ಲ, ನಂದು" ಎಂದರು ಕಾಕಾ, ಟೀ ಅಂಗಡಿಯ ಮುಂದೆ ನಿಂತು. ಊರಿಗೆ ಅರ್ಥವಾದದ್ದೇ ಬೇರೆ. ಸರ್ವೆ ಸಾರ್ ಮನಸ್ಸು ಮಾಡಿದರೆ ಕಲ್ಲು ಕೀಳಬಹುದು!

"ನಮ್ ಒಲದಲ್ಲೂ ಒಂದೈತೆ ಸಾರ್, ಅದನ್ನೂ ಕಿತ್ತಾಕ್ಬುಡಿ."

"ಅದು ನಂದಲ್ಲೋ ಯಪ್ಪಾ. ಅದು ಖರೇನ ಸರ್ಕಾರದ್ದು."

"ಮುನಿಯಕ್ಕಂಗೊಂದು ನ್ಯಾಯ, ನಮಗೊಂದ್ ನ್ಯಾಯನಾ ಸಾರ್?"

ಕಾಕಾನ ಬಳಿ ಅದಕ್ಕೆ ನಿಯಮವಿರಲಿಲ್ಲ. ಹೆಗಲ ಮೇಲಿನ ಕಲ್ಲನ್ನು ಕೆಳಗಿಟ್ಟರು. ಆಮೇಲೆ ನನ್ನನ್ನು ಮುಂದಕ್ಕೆ ತಳ್ಳಿದರು.

"ಆ ದನಿ ತಗಿ."

ಹಗಲು ಬೆಳಕು, ಇಪ್ಪತ್ತು ಜನ, ಎದುರಿಗೆ ಮುನಿಯಕ್ಕ. ಬಾಯಿ ತೆಗೆದೆ. ಊರವರ ದನಿಯೆಲ್ಲ ಬರುವ ಗಂಟಲಿಂದ ಗಾಳಿ ಬಂತು. ಎರಡನೇ ಸಲಕ್ಕೆ ಮೂಗಿನಲ್ಲಿ ಏನೋ ಹೊರಟಿತು, ಎಲೆಯಡಿಕೆಯಿಲ್ಲದೆ: "ಹಳದಿ ಕಲ್ಲು..."

ಯಾರೂ ನಗಲಿಲ್ಲ. ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನಿದೆ? ಮುನಿಯಕ್ಕ ಹತ್ತಿರ ಬಂದು ನನ್ನ ಮುಖ ನೋಡಿದರು.

"ನೀನಾ? ಎಮ್ಮೆ ಕಾಯ್ದಂಗೆ ನೀರೊಳ್ಗೆ ತಟ್ಟೆ ಉಡುಕ್ತಿದ್ದೋನು?"

ಸೆರಗಿನ ತುದಿಯಲ್ಲೇ ತಲೆಗೆ ಒಂದು ಬಾರಿಸಿದರು. ಎರಡನೆಯದಕ್ಕೆ ಕೈ ಎತ್ತಿದಾಗ ಕಾಕಾ ಅಡ್ಡ ಬಂದು, "ಒಂದ ಸಾಕವ್ವಾ" ಎಂದರು. ನನಗೆ ಆ ನಿಯಮ ಅರ್ಥವಾದದ್ದು ಆವಾಗ.

ಮರುದಿನ ಬೆಳಿಗ್ಗೆ ನೇಗಿಲು ಬಂತು. ಕಾಕಾ ರಜೆ ಹಾಕಿ ಬಂದು, ನನ್ನನ್ನು ಕಳೆ ಕೀಳಲು ಹಚ್ಚಿ, ತಾವು ಸಾಲು ಸೊಟ್ಟಗಾಗುತ್ತಿದೆ ಎಂದು ಉಳುವವರ ಹಿಂದೆ ಟೇಪು ಹಿಡಿದು ತಿರುಗಿ ಬೈಸಿಕೊಂಡರು. ಬಿತ್ತನೆ ಮುಗಿಯಿತು. ಎರಡನೇ ಬುಟ್ಟಿಯನ್ನು ಆಟದಿಂದ ತೆಗೆದುಹಾಕಿದ್ದೇವೆಂದು ಕಾಕಾ ಪ್ರಕಟಿಸಿದರು. ವಾಪಸು ಹೊತ್ತು ತಂದ 'ಡಿ-೨' ಕಲ್ಲು ಬದುವಿನ ಪಕ್ಕ ಬೋರಲು ಬಿತ್ತು.

ತಿಂಗಳೊಂದು ಕಳೆದಿರಬೇಕು. ಬೇರೆ ಬುಟ್ಟಿಗೆ ಹೋಗುವ ದಾರಿಯಲ್ಲಿ ಮುನಿಯಕ್ಕ ಕೂಗಿ ಕರೆದರು. ಮೊಣಕಾಲೆತ್ತರ ರಾಗಿ, ಹಸಿರೋ ಹಸಿರು. ಮೂಲೆಯಲ್ಲಿ ಮಾತ್ರ ಒಂದು ಮಂಚದಷ್ಟು ಜಾಗ ಬರಿ ಮಣ್ಣು, ಗುಡಿಸಿದ ಹಾಗಿತ್ತು. ನಡುವೆ ನಮ್ಮ ಕಲ್ಲು, ನೆಟ್ಟಗೆ.

"ಇಲ್ಲಿ ಯಾಕ ಬಿತ್ತಿಲ್ಲವ್ವಾ?"

"ನೀರ್ಗೆ ಬಿದ್ದೋರು ನಿಂತ್ಕಳಾಕೆ ಒಂದ್ ಜಾಗ ಬ್ಯಾಡ್ವಾ ಸಾಮಿ?"

ಕಾಕಾ ಜೇಬಿನ ಟೇಪಿಗೆ ಕೈ ಹಾಕಿದರು, ಹಾಗೇ ಬಿಟ್ಟರು. ಅದು ಅವರು ಅಳೆದಿದ್ದ ಜಾಗಕ್ಕಿಂತ ನಾಲ್ಕು ಹೆಜ್ಜೆ ಹಿಂದಿತ್ತು. ಚಪ್ಪಲಿ ಬದುವಿನ ಮೇಲೆ ಬಿಟ್ಟು ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

ಮುಂದಿನ ಭಾನುವಾರ ಎರಡನೇ ಬುಟ್ಟಿ ಮತ್ತೆ ಆಟಕ್ಕೆ ಬಂತು. ಕಾಕಾ ಮಣಿಕಟ್ಟು ತಿರುಗಿಸಲೇ ಇಲ್ಲ; ಒಮ್ಮೆಯೂ ನೀರು ಮುಟ್ಟದಿದ್ದ ಅವರ ಡಿಸ್ಕು ಅವತ್ತು ದಡದಿಂದ ಹತ್ತಡಿ ದಾಟಿ ಮುಳುಗಿತು. ಅದರ ಮುಂದಿನ ಭಾನುವಾರವೂ. ರಾಗಿ ತೆನೆಯಾಗಿ, ಕೊಯ್ಲಾಗಿ, ಕಣ ಸೇರುವವರೆಗೂ ಒಂದು ವಾರವೂ ತಪ್ಪಲಿಲ್ಲ. ಕಾಕಾ ಒಂದು ಎಸೆತದ ದಂಡ ಬರೆದುಕೊಂಡು, ಚಪ್ಪಲಿ ಬಿಟ್ಟು ಆ ಚೌಕಕ್ಕೆ ಹೋಗಿ ನಿಲ್ಲುತ್ತಿದ್ದರು. ಬದುವಿನ ಮೇಲೆ ಕೂತ ಮುನಿಯಕ್ಕ, "ಈ ವಾರಾನೂ ಬಿತ್ತಾ ಸಾಮಿ?" ಎನ್ನುತ್ತಿದ್ದರು.

ನಾನು ಪ್ಯಾಂಟು ಮಡಚಿ ನೀರಿಗೆ ಇಳಿಯುತ್ತಿದ್ದೆ.