ಮೇಷ್ಟ್ರ ದವಡೆ ಜಾರಿದ್ದು

ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಆ ಭಾನುವಾರ ಇದ್ದ ಪ್ರಶ್ನೆ ಒಂದೇ: ಮಹಡಿಯಲ್ಲಿ ಮಲಗುವ ಅತ್ತೆಯವರ ಮಂಚ ಕೆಳಗಿನ ಕೋಣೆಗೆ ಇಳಿಯಬೇಕೋ ಬೇಡವೋ? ಅತ್ತೆಗೆ ವಿಪರೀತ ಮಂಡಿನೋವು. ನಾಲ್ಕು ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಕೆಳಗಿನ ಕೋಣೆಯೋ, ಮೇಷ್ಟ್ರ ಅಧ್ಯಯನ ಪೀಠ. (ಊಟವಾದ ಮೇಲೆ ಮುಖದ ಮೇಲೆ ಪುಸ್ತಕ ಕವುಚಿಕೊಂಡು ಅವರು ಅಲ್ಲಿ ಮಾಡುತ್ತಿದ್ದುದಕ್ಕೆ ಅಧ್ಯಯನ ಎಂದು ಹೆಸರು.)

ಮಂಚ ಹೊರಲೆಂದೇ ಹೆಂಡತಿ ತನ್ನ ತಮ್ಮನನ್ನು ಕರೆಸಿದ್ದಳು. ಮೇಷ್ಟ್ರು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಸೋಫಾದ ಮುಂದೆ ನಿಂತು ಪಾಠ ಶುರು ಮಾಡಿದರು. ಮಂಡಿ ಎಂದರೆ ಬಿಜಾಗರಿ ಕೀಲು, ಬಾಗಿಲಿನ ಹಾಗೆ ತೆರೆದು ಮುಚ್ಚುತ್ತಿರಬೇಕು, ಮೆಟ್ಟಿಲು ಹತ್ತದಿದ್ದರೆ ಜಡ್ಡುಗಟ್ಟುತ್ತದೆ. ಭುಜದಲ್ಲಿರುವುದು ಗುಳಿಯೊಳಗೆ ಕೂತ ಚೆಂಡು, ಎತ್ತ ಬೇಕಾದರೂ ತಿರುಗುತ್ತದೆ. ಕುತ್ತಿಗೆಯದು ತಿರುಗಣಿ. ಇನ್ನು ತಲೆಬುರುಡೆಯ ಮೂಳೆಗಳು, ಹೊಲಿಗೆ ಹಾಕಿದಂತೆ ಕೂಡಿಕೊಂಡು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

"ಅದು ನಿಮ್ಮನ್ನ ಕಟ್ಕೊಂಡ ವಾರಕ್ಕೇ ಗೊತ್ತಾಯ್ತು," ಎಂದಳು ಹೆಂಡತಿ.

ಬಾಮೈದ ಕೆಮ್ಮಿದ. ಮೇಷ್ಟ್ರು ಕೆರಳಿದರು. ತಲೆಯಲ್ಲೂ ಚಲಿಸುವ ಕೀಲಿದೆ, ಅದೇ ದವಡೆ, ಅದು ಬಿಜಾಗರಿಯಂತೆ ತೆರೆಯುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ ಎಂದು ಸಾರಿ, ಪ್ರಾತ್ಯಕ್ಷಿಕೆಗಾಗಿ ಬಾಯನ್ನು ಗುಹೆಯಷ್ಟು ತೆರೆದರು. ಕಿವಿಯ ಬಳಿ ಟಕ್ ಎಂದಿತು. ದವಡೆ ಜಾರಿತು, ಸರಿ. ವಾಪಸು ಬರಲೇ ಇಲ್ಲ.

ಪಾಠ ಇನ್ನೂ ಮುಗಿದಿಲ್ಲವೆಂದುಕೊಂಡು ಎಲ್ಲರೂ ಸ್ವಲ್ಪ ಹೊತ್ತು ಕಾದರು. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿ ಜೊಲ್ಲು ಅಂಗಿಗೆ ಇಳಿದಾಗ ಇದು ಪಾಠವಲ್ಲವೆಂದು ಹೆಂಡತಿಗೆ ಹೊಳೆಯಿತು. ಆಸ್ಪತ್ರೆಗೆ ಹೋಗಲು ಆಟೋದವನಿಗೆ ಫೋನು ಮಾಡಿದಳು. ಅತ್ತೆ ಕುಂಟುತ್ತಲೇ ಬಂದು, ಅಳಿಯಂದಿರ ತಲೆ ಅಲ್ಲಾಡಬಾರದೆಂದು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡರು.

ಆಟೋ ಬರಲು ಹತ್ತು ನಿಮಿಷವಿತ್ತು. ಹತ್ತು ನಿಮಿಷವನ್ನು ಸುಮ್ಮನೆ ಹಾಳುಮಾಡುವವಳಲ್ಲ ಹೆಂಡತಿ.

"ಅಮ್ಮನ ಮಂಚ ಇಳಿಸ್ಲಾ? ಬೇಡ ಅಂದ್ರೆ ಈಗ್ಲೇ ಹೇಳ್ಬಿಡಿ."

ಬೇಡ ಎನ್ನಲು ತುಟಿ ಕೂಡಬೇಕು. ತಲೆಯಾಡಿಸೋಣವೆಂದರೆ ಅತ್ತೆಯ ಪ್ರೀತಿಯ ಹಿಡಿತ. ಮೇಷ್ಟ್ರು ಎರಡೂ ಕೈ ಬೀಸಿ, ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ "ಆ... ಆ..." ಎಂದರು.

ಹೆಂಡತಿ ತಮ್ಮನತ್ತ ತಿರುಗಿದಳು.

"ಆಯ್ತು ಅಂತಿದ್ದಾರೆ ಕಣೋ. ಕೈ ಬೀಸ್ತಿದ್ದಾರೆ ನೋಡು, ಬೇಗ ಇಳಿಸ್ಬೇಕಂತೆ."